ಅತ್ತೆಯವರಿಗೆ ಯಾವ ಕಾದಂಬರಿ ಕೊಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಹುಬ್ಬಳ್ಳಿಯಿಂದ ನಮ್ಮ ಅತ್ತೆ ಆರು ತಿಂಗಳಿಗೆಂದು ನ್ಯೂಜೆರ್ಸಿಗೆ ಬಂದಿದ್ದಾರೆ. ಭಾನುವಾರದ ಚರ್ಚ್ ತಪ್ಪಿಸುವವರಲ್ಲ. ಇಂಗ್ಲಿಷ್ ಟೀಚರ್ ಆಗಿದ್ದವರು, ಓದುವ ಹುಚ್ಚು ಜಾಸ್ತಿ. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಅಸಭ್ಯ ಬೇಡ, ರಕ್ತಪಾತ ಬೇಡ. "ಹಾಗಂತ ಪ್ರಸಂಗಾನೂ ಬೇಡಮ್ಮ, ಅದು ಭಾನುವಾರ ಸಿಗುತ್ತೆ" ಅನ್ನುತ್ತಾರೆ. ಲೈಬ್ರರಿಯಲ್ಲಿ ಕ್ರಿಶ್ಚಿಯನ್ ಕಾದಂಬರಿಗಳದ್ದೇ ಒಂದು ಸಾಲಿದೆ. ಅರ್ಧ ಪುಸ್ತಕಗಳ ಮೇಲೆ ಬಿಳಿ ಟೋಪಿಯ ಹುಡುಗಿ. ಯಾವುದು ತಗೊಳ್ಳಲಿ?

ಉತ್ತರ (ಲೈಬ್ರೇರಿಯನ್, ಪೆನ್ಸಿಲ್ವೇನಿಯಾ): ಆ ಟೋಪಿಯವರು ಆಮಿಶರು. ಕಾರು ಬೇಡ ಅಂತ ಕುದುರೆಗಾಡಿಯಲ್ಲೇ ಓಡಾಡುವ ಕ್ರೈಸ್ತ ಪಂಗಡ. ಬೆವರ್ಲಿ ಲೂಯಿಸ್ ಅವರ 'ದಿ ಶನ್ನಿಂಗ್'ನಿಂದ ಶುರು ಮಾಡಿ. 1997ರಲ್ಲಿ ಬಂತು. ಆಮಿಶ್ ಪ್ರೇಮಕಥೆಗಳು ಈ ಪರಿ ಹರಡಿದ್ದು ಆಮೇಲೆಯೇ.

ನಮ್ಮ ಲ್ಯಾಂಕಾಸ್ಟರ್ ಕೌಂಟಿಯ ಕೇಟಿಗೆ ಮದುವೆ ನಿಶ್ಚಯವಾಗಿದೆ. ವರ ಹೆಂಡತಿ ತೀರಿಕೊಂಡ ಬಿಷಪ್. ಅಷ್ಟರಲ್ಲಿ ಅಟ್ಟದಲ್ಲಿ ಮಗುವಿನ ಒಂದು ಸ್ಯಾಟಿನ್ ಅಂಗಿ ಸಿಗುತ್ತದೆ. ಸಾದಾ ಬಟ್ಟೆ ಬಿಟ್ಟು ಬೇರೆ ತೊಡದ ಮನೆಗೆ ಸ್ಯಾಟಿನ್ ಎಲ್ಲಿಂದ ಬಂತು? ಕಥೆ ಹೊರಡುವುದೇ ಅಲ್ಲಿಂದ.

ಒಂದು ವಿಷಯ ಗೊತ್ತಿದ್ದರೆ ಓದು ಇನ್ನೂ ಹಿಡಿಸುತ್ತದೆ. ಆಮಿಶರಲ್ಲಿ ಕೂಸಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ಬೆಳೆದ ಮೇಲೆ ಅವರೇ ಒಪ್ಪಿ ತೆಗೆದುಕೊಳ್ಳಬೇಕು. ಹಾಗೆ ಮಾತು ಕೊಟ್ಟು ಮುರಿದವರಿಗೆ ಬಹಿಷ್ಕಾರ, ಅದೇ 'ಶನ್ನಿಂಗ್'. ಮನೆಯವರೇ ಜೊತೆಗೆ ಕೂತು ಉಣ್ಣುವುದಿಲ್ಲ. ಜಾತಿಯಿಂದ ಹೊರಗಿಟ್ಟ ಕಥೆಗಳನ್ನು ಕೇಳಿ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮುದ್ದಾಟ ಕಮ್ಮಿ, ಕಣ್ಣೀರು ಜಾಸ್ತಿ. ಮೊದಲ ಭಾಗ ನಡುನೀರಲ್ಲಿ ಕೈಬಿಡುತ್ತದೆ. ಹಾಗಾಗಿ 'ದಿ ಕನ್ಫೆಷನ್', 'ದಿ ರೆಕನಿಂಗ್' ಸೇರಿಸಿ ಮೂರನ್ನೂ ಒಟ್ಟಿಗೇ ತನ್ನಿ.

ಅಳು ಬೇಡ ಅಂದರೆ ಜಾನ್ ಕಾರೋನ್ ಅವರ 'ಅಟ್ ಹೋಮ್ ಇನ್ ಮಿಟ್‌ಫರ್ಡ್' (1994). ಬೆಟ್ಟದ ಮೇಲಿನ ಪುಟ್ಟ ಊರು, ಅರವತ್ತರ ಅಂಚಿನ ಮದುವೆಯಾಗದ ಪಾದ್ರಿ, ಅವರಿಗೆ ಸಕ್ಕರೆ ಕಾಯಿಲೆ. ಎಲ್ಲಿಂದಲೋ ಬಂದ ದೈತ್ಯ ನಾಯಿಯೊಂದು ಮೈಮೇಲೆ ಹಾರುತ್ತದೆ. ಬೈಬಲ್ ವಚನ ಹೇಳಿದರೆ ಮಾತ್ರ ತೆಪ್ಪಗಾಗುತ್ತದೆ! ನನ್ನ ಕೇಳಿದರೆ ಮೊದಲ ವಾರಕ್ಕೆ ಇದೇ ಸರಿ.

ಪ್ರಶ್ನೆ: ಸ್ವಲ್ಪ ಸಸ್ಪೆನ್ಸ್ ಇರುವುದು? ಪತ್ತೇದಾರಿ ಅಂದರೆ ಅವರಿಗೆ ಪ್ರಾಣ.

ಉತ್ತರ: ಹಾಗಾದರೆ ಡೀ ಹೆಂಡರ್ಸನ್. 'ದಿ ನೆಗೋಶಿಯೇಟರ್' ತನ್ನಿ. ಅನಾಥಾಲಯದಲ್ಲಿ ಬೆಳೆದ ಏಳು ಜನ, ತಾವೇ ಅಣ್ಣ ತಂಗಿಯರೆಂದು ಒಪ್ಪಿಕೊಂಡು ಓ'ಮ್ಯಾಲಿ ಅಂತ ಒಂದೇ ಹೆಸರು ಇಟ್ಟುಕೊಂಡವರು. ಅವರಲ್ಲಿ ಕೇಟ್ ಒತ್ತೆಯಾಳುಗಳನ್ನು ಬಿಡಿಸುವ ಪೊಲೀಸ್. ಬಾಂಬು, ಬೆದರಿಕೆ ಎಲ್ಲ ಇದೆ, ರಕ್ತ ಚೆಲ್ಲಾಡುವುದಿಲ್ಲ. ಆದರೆ ಒಬ್ಬ ತಂಗಿಯ ಕ್ಯಾನ್ಸರ್ ಸರಣಿಯ ಉದ್ದಕ್ಕೂ ಬರುತ್ತದೆ. ಮನೆಯಲ್ಲಿ ಆ ನೋವು ಹಸಿಯಾಗಿದ್ದರೆ ಈಗ ಬೇಡ.

ಫ್ರಾಂಕ್ ಪೆರೆಟ್ಟಿಯವರ 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್' (1986) ಕೂಡ ಅದೇ ಸಾಲಿನಲ್ಲಿರುತ್ತದೆ. ಒಂದು ಊರಿಗಾಗಿ ದೇವದೂತರೂ ದೆವ್ವಗಳೂ ಕಾದಾಡುವ ಕಥೆ. ಒಬ್ಬರೇ ಇರುವಾಗ ಬೇಡಪ್ಪ.

ಮತ್ತೊಬ್ಬ ಸದಸ್ಯೆ: ನಮ್ಮ ಚರ್ಚಿನಲ್ಲಿ ಎಲ್ಲರೂ ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' ಓದಿ ಅನ್ನುತ್ತಾರಲ್ಲ?

ಉತ್ತರ: ಒಳ್ಳೆಯ ಪುಸ್ತಕ, ಹಗುರವಲ್ಲ. ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಮನೆಗೆ ಕರೆತಂದ ಬೈಬಲಿನ ಪ್ರವಾದಿ ಹೋಶೇಯನ ಕಥೆಯನ್ನು ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಯ ಕಾಲಕ್ಕೆ ತಂದಿದ್ದಾರೆ. ನಾಯಕಿಯನ್ನು ಎಳೆಯ ವಯಸ್ಸಿನಲ್ಲೇ ವೇಶ್ಯಾವಾಟಿಕೆಗೆ ಮಾರಿರುತ್ತಾರೆ. 'ಕ್ರಿಶ್ಚಿಯನ್' ಅನ್ನೋ ಚೀಟಿ ನೋಡಿ ಕೊಟ್ಟರೆ ಆಮೇಲೆ ಬೈಸಿಕೊಳ್ಳುವವರು ನೀವೇ. ಇದಕ್ಕೇ ನಾನು ಯಾರೇ ಕೇಳಿದರೂ ಮೊದಲು "ಏನು ಬೇಡ?" ಅಂತ ವಿಚಾರಿಸುವುದು.

ಅಂದಹಾಗೆ, ದೊಡ್ಡ ಅಕ್ಷರದ ಪ್ರತಿ ಕೇಳಿ ನೋಡಿ. ಯಾವುದೋ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನ ಪುಟ್ಟ ಅಕ್ಷರ ಕಂಡರೆ ಅಳಿಸಬೇಡಿ. ಹೊದಿಕೆ ಎಲ್ಲ ಒಂದೇ ಥರ ಇರುತ್ತಲ್ಲ, ಓದಿದ್ದನ್ನೇ ಮತ್ತೆ ಒಯ್ಯಬಾರದು ಅಂತ ಅಜ್ಜಿಯರು ಹಾಕುವ ಗುರುತು ಅದು. ನಾವೂ ನೋಡಿ ನೋಡದ ಹಾಗೆ ಇರುತ್ತೇವೆ.

ಪ್ರಶ್ನೆ ಕೇಳಿದವರು (ವಾರದ ನಂತರ): ಮೇಡಂ, ನಾಯಿಯ ಪುಸ್ತಕ ಬೇರೆಯವರ ಹತ್ತಿರ ಇತ್ತು. 'ಶನ್ನಿಂಗ್' ಒಂದೇ ತಂದೆ. ಅತ್ತೆ ಮೂರು ದಿನಕ್ಕೆ ಮುಗಿಸಿ ಈಗ ಎರಡನೆಯದಕ್ಕೆ ನನ್ನ ಪ್ರಾಣ ತಿನ್ನುತ್ತಿದ್ದಾರೆ. ಅದು ಹೊರಗೆ ಹೋಗಿದೆಯಂತೆ.

ಉತ್ತರ: ಮೂರನ್ನೂ ಒಟ್ಟಿಗೇ ಅಂದಿದ್ದೆ! ಲೈಬ್ರರಿ ಕಾರ್ಡ್ ಇದ್ದರೆ, ಇ-ಪುಸ್ತಕ ಎರವಲು ಕೊಡುವ ಲಿಬ್ಬಿ ಆ್ಯಪ್‌ನಲ್ಲಿ ನೋಡಿ, ಅಲ್ಲಿ ಸಿಕ್ಕರೂ ಸಿಗಬಹುದು.