ಮರ ಹತ್ತದೆ ನೆರಳುಮರದ ಹರವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಮೂಡಿಗೆರೆ):
ನಮ್ಮ ಕಾಫಿ ತೋಟದಲ್ಲಿ ಹಲಸು, ಬೀಟೆ, ಹಾಲುವಾಣ ಮತ್ತು ಸಿಲ್ವರ್ ಓಕ್ ಮರಗಳಿದ್ದು, ಮರಗಸಿ (ನೆರಳು ಕಡಿಮೆ ಮಾಡಲು ರೆಂಬೆ ಕಡಿಯುವ ಕೆಲಸ) ಮಾಡಿಸುವ ಮೊದಲು ಒಂದೊಂದರ ಹರವನ್ನೂ ಅಳೆದು ಕಂಪ್ಯೂಟರಿನಲ್ಲಿ ನೆರಳಿನ ಮಾದರಿಯನ್ನು ರೂಪಿಸಬೇಕೆಂದಿದ್ದೇನೆ. ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುವುದರಿಂದ ಏಣಿ ಇಡುವಂತಿಲ್ಲ. ಕಾಂಡಕ್ಕೆ ಮೊಳೆ ಹೊಡೆಯಲು ಮನಸ್ಸೂ ಇಲ್ಲ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಸಕಲೇಶಪುರ):
ಎಲ್ಲವನ್ನೂ ನೆಲದಿಂದಲೇ ಅಳೆಯಬಹುದು. ಕಾಂಡದ ನಡುವಿನಿಂದ ಎಂಟು ದಿಕ್ಕುಗಳಿಗೆ, ರೆಂಬೆಯ ತುದಿ ನೇರವಾಗಿ ನೆತ್ತಿಯ ಮೇಲೆ ಬರುವ ಜಾಗದವರೆಗೆ, ಟೇಪು ಹಿಡಿದು ದೂರಗಳನ್ನು ಬರೆದುಕೊಳ್ಳಿ. ಅವುಗಳ ವರ್ಗಗಳ ಸರಾಸರಿಯನ್ನು 3.14ರಿಂದ ಗುಣಿಸಿದರೆ ಹರವಿನ ವಿಸ್ತೀರ್ಣ ಸರಿಸುಮಾರು ದೊರೆಯುತ್ತದೆ. ಸಮತಟ್ಟಾದ ಜಾಗದಲ್ಲಿ ಮರದ ತುದಿ 45 ಡಿಗ್ರಿ ಕೋನದಲ್ಲಿ ಕಾಣುವಲ್ಲಿ ನಿಂತರೆ, ಬುಡದವರೆಗಿನ ದೂರಕ್ಕೆ ಕಣ್ಣಿನ ಎತ್ತರವನ್ನು ಕೂಡಿದರೆ ಮರದ ಎತ್ತರ ಸಿಗುತ್ತದೆ. ಆದರೆ ಮಲೆನಾಡಿನಲ್ಲಿ ಸಮತಟ್ಟು ಎಲ್ಲಿದೆ? ಇಳಿಜಾರಿನಲ್ಲಿ ತುದಿಯ ಕೋನದ ಜೊತೆಗೆ ಬುಡದ ಕೋನವನ್ನೂ ಅಳೆಯಲೇಬೇಕು.

ಉತ್ತರ (ಚಿಕ್ಕಮಗಳೂರು):
ಡ್ರೋನಿನಿಂದ ಒಂದರ ಮೇಲೊಂದು ಹಾಯುವಂತೆ ತೆಗೆದ ಚಿತ್ರಗಳಿಂದ ಮೂರು ಆಯಾಮದ ಮಾದರಿಯನ್ನು ಕಟ್ಟಬಹುದಾದರೂ ಅದಕ್ಕೆ ಕಾಣುವುದು ಮೇಲ್ಭಾಗ ಮಾತ್ರ. ಒಳರೆಂಬೆಗಳಿಗೆ ನೆಲದ ಮೇಲಿನ ಲೇಸರ್ ಸ್ಕ್ಯಾನರೇ ಮೇಲು, ಬೆಲೆ ಮಾತ್ರ ಕೈಗೆಟುಕದು. ನಿಮಗೆ ಬೇಕಿರುವುದು ನೆರಳಿನ ಪ್ರಮಾಣವಷ್ಟೇ ಆಗಿದ್ದರೆ, ಮೋಡ ಕವಿದ ದಿನ ಫಿಶ್‌ಐ ಲೆನ್ಸನ್ನು (ಸುತ್ತಲಿನ ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಲೆನ್ಸ್) ಆಕಾಶಕ್ಕೆ ಮುಖಮಾಡಿ ಚಿತ್ರ ತೆಗೆಯುವುದು ಸಾಕು ಎಂಬುದು ನನ್ನ ಅಭಿಪ್ರಾಯ.

ಉತ್ತರ (ಸಕಲೇಶಪುರ):
ಒಪ್ಪುತ್ತೇನೆ. ಆದರೆ ಆ ಚಿತ್ರದಲ್ಲಿ ಮೆಣಸಿನ ಬಳ್ಳಿಯೂ ಮರದ ಎಲೆಯೆಂದೇ ಲೆಕ್ಕಕ್ಕೆ ಸೇರುತ್ತದೆ; ಹಾಲುವಾಣ ಎಲೆ ಉದುರಿಸಿದಾಗ ಇನ್ನೊಮ್ಮೆ ಚಿತ್ರ ತೆಗೆಯಬೇಕಾಗುತ್ತದೆ.