ಹಾರ್ನ್ ಕೇಳಿದರೆ ಮೈ ಬಿಗಿಯುತ್ತದೆ: ಸೊಮ್ಯಾಟಿಕ್ ಥೆರಪಿ ಮಾಡಿಸಿಕೊಂಡವರು ಇದ್ದೀರಾ?

ನೆಲಮಂಗಲದ ಸ್ಕೂಟಿ:
ಎರಡು ವರ್ಷದ ಹಿಂದೆ ತುಮಕೂರು ರಸ್ತೆಯಲ್ಲಿ ನನ್ನ ಸ್ಕೂಟಿಗೆ ಲಾರಿ ಗುದ್ದಿತು. ಕಾಲಿನ ಮೂಳೆ ಕೂಡಿಕೊಂಡಿದೆ, ಆಫೀಸಿಗೂ ಹೋಗುತ್ತಿದ್ದೇನೆ. ಆದರೆ ಹಿಂದಿನಿಂದ ಹಾರ್ನ್ ಕೇಳಿದರೆ ಸಾಕು, ಹೆಗಲು ಕಿವಿವರೆಗೆ ಏರುತ್ತದೆ, ಕೈ ತಣ್ಣಗಾಗುತ್ತದೆ, ಕಾಲು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕೌನ್ಸೆಲಿಂಗ್‌ಗೆ ಹೋಗಿದ್ದೆ. ನಡೆದದ್ದನ್ನೆಲ್ಲ ವಾರ್ತೆ ಓದಿದಂತೆ ಹೇಳಿಬಿಡುತ್ತೇನೆ. ಮೈ ಮಾತ್ರ ಮಾತು ಕೇಳುವುದಿಲ್ಲ. ಅಮ್ಮ "ಯೋಗ ಮಾಡು" ಅಂತಾರೆ. ಶವಾಸನದಲ್ಲಿ ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುತ್ತದೆ. ಗೆಳತಿ ಸೊಮ್ಯಾಟಿಕ್ ಥೆರಪಿ ಅಂದಳು, ಮೈಯ ಅನುಭವದ ಮೂಲಕ ಮಾಡುವ ಮಾನಸಿಕ ಚಿಕಿತ್ಸೆಯಂತೆ. ಅಲ್ಲಿ ಏನು ಮಾಡಿಸುತ್ತಾರೆ? ಸುಮ್ನೆ ದುಡ್ಡು ಕೀಳುವ ಫ್ಯಾಷನ್ನಾ?

ಕೊಡಗಿನ ಟೀಚರ್:
ನಾನು ಮಾಡಿಸಿಕೊಂಡಿದ್ದೇನೆ ಕಣಮ್ಮ. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಜಾರಿತು. ಆಮೇಲೆ ಮಳೆ ಜೋರಾದರೆ ಹೊಟ್ಟೆ ಗಂಟಾಗುತ್ತಿತ್ತು.

ಥೆರಪಿಸ್ಟ್ ಗುಡ್ಡದ ಸುದ್ದಿಯನ್ನೇ ಎತ್ತಲಿಲ್ಲ. "ಕೋಣೆ ಸುತ್ತ ನಿಧಾನಕ್ಕೆ ನೋಡಿ. ಮೈಯಲ್ಲಿ ಈಗ ಎಲ್ಲಿ ಪರವಾಗಿಲ್ಲ ಅನ್ನಿಸುತ್ತದೆ?" ಅಂತ ಕೇಳಿದರು. ಅಂಗೈ ಬೆಚ್ಚಗಿತ್ತು, ಅದನ್ನೇ ಹೇಳಿದೆ. ಇದಕ್ಕೆ ದುಡ್ಡು ಕೊಡಬೇಕಾ ಅಂತ ಒಳಗೊಳಗೇ ನಗು! ಮುಂದೆ ಮಳೆ ಸದ್ದನ್ನು ಒಂಚೂರು ನೆನಪಿಸಿಕೊಳ್ಳುವುದು, ಹೊಟ್ಟೆ ಹಿಡಿದ ಕೂಡಲೇ ಗಮನ ಅಂಗೈಗೆ ತರುವುದು. ಮತ್ತೆ ಒಂಚೂರು, ಮತ್ತೆ ವಾಪಸ್. ಒಮ್ಮೆ ಮಂಡಿ ನಡುಗಲು ಶುರುವಾಯಿತು. ಅವರು ತಡೆಯಲಿಲ್ಲ, ನಾನೂ ತಡೆಯಲಿಲ್ಲ, ತಾನಾಗೇ ನಿಂತಿತು.

ಇದು ಸೊಮ್ಯಾಟಿಕ್ ಥೆರಪಿಯಲ್ಲೇ ಒಂದು ಬಗೆ, ಅಮೆರಿಕದ ಪೀಟರ್ ಲೆವಿನ್ ರೂಪಿಸಿದ ಪದ್ಧತಿ, ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್. ಭಯ ಪೂರ್ತಿ ಹೋಗಿದೆ ಅನ್ನಲಾರೆ. ಜೋರು ಮಳೆಗೆ ಈಗಲೂ ಎದ್ದು ಹಿತ್ತಲು ನೋಡುತ್ತೇನೆ, ಆದರೆ ಮತ್ತೆ ನಿದ್ದೆ ಬರುತ್ತದೆ. ಹಸಿವು, ಸುಸ್ತು ಮೊದಲೇ ಗೊತ್ತಾಗುತ್ತದೆ. ನನಗೆ ಅದೇ ದೊಡ್ಡ ಲಾಭ.

ಮೈಸೂರಿನ ಮಲ್ಲಿಗೆ:
ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಫ್ಯಾಷನ್ ಅಂತ ತಳ್ಳಿಹಾಕಬೇಡಿ, ಪವಾಡ ಅಂತಲೂ ನಂಬಬೇಡಿ. ಈ ಪದ್ಧತಿ ಬಗ್ಗೆ ಇಸ್ರೇಲ್‌ನಲ್ಲಿ 63 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಫಲಿತಾಂಶ ಚೆನ್ನಾಗಿತ್ತು, ಆದರೆ ಅದು ಸಣ್ಣ ಅಧ್ಯಯನ. ಕಣ್ಣನ್ನು ಅತ್ತಿತ್ತ ಆಡಿಸುತ್ತಾ ನೆನಪಿನ ಮೇಲೆ ಕೆಲಸ ಮಾಡುವ ಇಎಂಡಿಆರ್‌ಗೆ ಪುರಾವೆ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಅದನ್ನು ಶಿಫಾರಸು ಮಾಡಿದೆ. ಅದರ ಬಗ್ಗೆಯೂ ವಿಚಾರಿಸಿ.

ವಾರಾಂತ್ಯದ ಕೋರ್ಸ್ ಮಾಡಿ "ಟ್ರಾಮಾ ಹೀಲರ್" ಬೋರ್ಡ್ ಹಾಕಿಕೊಂಡವರಿದ್ದಾರೆ, ಹುಷಾರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಮುಲಾಜಿಲ್ಲದೆ ಕೇಳಿ. ಮೈ ಮುಟ್ಟುವ ಮುಂಚೆ ನಿಮ್ಮ ಒಪ್ಪಿಗೆ ಕೇಳದವರ ಹತ್ತಿರ ಎರಡನೇ ಸಲ ಹೋಗಬೇಡಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನೆಲಮಂಗಲದ ಸ್ಕೂಟಿ:
ಥ್ಯಾಂಕ್ಸ್. ಟೀಚರ್, ಕಣ್ಣು ಮುಚ್ಚಲೇಬೇಕಾ?

ಕೊಡಗಿನ ಟೀಚರ್:
ಬೇಡವೇ ಬೇಡ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂರುತ್ತಿದ್ದೆ. ಬಾಗಿಲ ಕಡೆ ಮುಖ ಮಾಡಿ ಕುರ್ಚಿ ಹಾಕಿಸಿಕೊಂಡೆ. ಯಾವಾಗ ಬೇಕಾದರೂ ಸಾಕು ಅನ್ನಬಹುದು ಅಂತ ಅವರೇ ಹೇಳಿದ್ದರು. ಮೊದಲ ಫೋನಿನಲ್ಲೇ ಇವನ್ನೆಲ್ಲ ಕೇಳಿಬಿಡು. ಫೀಸು ಕಡಿಮೆ ಮಾಡ್ತೀರಾ ಅಂತಲೂ ಕೇಳು, ನನಗೆ ಮಾಡಿದ್ದರು.