ಅಂಗಡಿಗೆ ‘ಸ್ವದೇಶಿ’ ಬೋರ್ಡ್ ಹಾಕಬೇಕಂತೆ. ಗಂಧದಕಡ್ಡಿಗೆ ಏನಂತ ಬರೆಯಲಿ?

ಅರಸೀಕೆರೆ ಅಂಗಡಿ

ಎಲ್ಲರಿಗೂ ನಮಸ್ಕಾರ. ಅರಸೀಕೆರೆಯಲ್ಲಿ ನಮ್ಮದೊಂದು ಸಣ್ಣ ಗ್ರಂಧಿಗೆ ಅಂಗಡಿ ಇದೆ. ಅರಿಶಿನ, ಕುಂಕುಮ, ಕರ್ಪೂರ, ಹೂಬತ್ತಿ, ಮದುವೆ ಸಾಮಾನು. ದಿನಾ ಓಡೋದು ಮಾತ್ರ ಗಂಧದಕಡ್ಡಿ.

2025ರ ಆಗಸ್ಟ್ 15ರ ಭಾಷಣದಲ್ಲಿ ಮೋದಿಯವರು, ಇಲ್ಲಿ ಸ್ವದೇಶಿ ಮಾಲು ಸಿಗುತ್ತದೆ ಅಂತ ಅಂಗಡಿಯವರು ಬೋರ್ಡ್ ಹಾಕಿ ಎಂದರಲ್ಲ, ಶುರುವಾಗಿದ್ದು ಅಲ್ಲಿಂದ. ನಮ್ಮ ಬೀದಿಯವರೇ ಒಬ್ಬರು ಬೋರ್ಡನ್ನು ಬರೆಸಿಕೊಂಡೇ ಬಂದರು. ದುಡ್ಡೂ ಕೇಳಲಿಲ್ಲ, ಮೊಳೆ ಹೊಡಿ ಸಾಕು ಎಂದರು. ಕರ್ಪೂರ ತಗೊಳ್ಳೋಕೆ ಬಂದಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು, ‘ಮೊದಲು ಆ ಸೀರಿಯಲ್ ಸೆಟ್ ಎಲ್ಲಿಯದು ತೋರಿಸಪ್ಪ’ ಎಂದುಬಿಟ್ಟರು. ಹಿಡಿದುಕೊಂಡಿತು ನೋಡಿ. ಹೊರಗಿನ ಮಾಲಿಗೆ ಬಾಗಿಲು ತೆಗೆದವರು ಯಾರು ಅಂತ ಬೋರ್ಡ್ ತಂದವರು, ಹನ್ನೊಂದು ವರ್ಷದಿಂದ ಆ ಬಾಗಿಲಲ್ಲಿ ಕೂತಿರೋರು ಯಾರು ಅಂತ ಮೇಷ್ಟ್ರು. ನಾನು ಸುಮ್ನೆ ಹೂಬತ್ತಿ ಎಣಿಸುತ್ತ ಕೂತಿದ್ದೆ. ಇಬ್ಬರೂ ಗಿರಾಕಿಗಳೇ ಅಲ್ವಾ.

ರಾತ್ರಿ ಬಾಗಿಲು ಹಾಕುವಾಗ ಒಂದು ರಟ್ಟಿನ ಪೆಟ್ಟಿಗೆ ಬಿಚ್ಚಿದೆ. ಪ್ಯಾಕೆಟ್ ಮೇಲೆ ಬೆಂಗಳೂರಿನ ವಿಳಾಸ. ಲೈನ್ ಸೇಲಿಗೆ ಬರುವ ಹುಡುಗನನ್ನು ಕೇಳಿದರೆ, ‘ಅಣ್ಣ, ಪರಿಮಳ ಹಾಕಿ ಪ್ಯಾಕ್ ಮಾಡಿದ್ದು ಬೆಂಗಳೂರು, ಒಳಗಿನ ಬಿದಿರು ಕಡ್ಡಿ ವಿಯೆಟ್ನಾಂದು’ ಎಂದ.

ನನಗೆ ಇದು ಬರೀ ವ್ಯಾಪಾರದ ವಿಷಯ ಅಲ್ಲ. ನಾನು ಹುಟ್ಟಿದ್ದು ಬೆಂಗಳೂರಿನ ಶ್ರೀರಾಮಪುರದಲ್ಲಿ, ವಠಾರದ ಒಂದೇ ಕೋಣೆ ಮನೆ. ಅಮ್ಮ ಊದುಬತ್ತಿ ಹೊಸೆಯುತ್ತಿದ್ದರು. ಮುಂದೆ ಮಣೆ, ಎಡಕ್ಕೆ ಕಡ್ಡಿ ಕಟ್ಟು, ಬಲಕ್ಕೆ ಇದ್ದಿಲು ಪುಡಿ, ಮರದ ಪುಡಿ, ಜಿಗಟು ಸೇರಿಸಿ ಕಲಸಿದ ಕಪ್ಪು ಮುದ್ದೆ. ಒಂದು ಚಿಟಿಕೆ ಮುದ್ದೆ ಕಿತ್ತು ಕಡ್ಡಿಯ ಮೇಲಿಟ್ಟು ಅಂಗೈಯಲ್ಲಿ ಹಾಗೆ ಒಂದು ಸಲ ಉಜ್ಜಿದರೆ ಬತ್ತಿ. ಹಿಡಿಯೋಕೆ ಒಂದು ಇಂಚು ಬರೀ ಕಡ್ಡಿ ಬಿಟ್ಟಿರುತ್ತಿದ್ದರು, ಅಳತೆ ಎಂದೂ ತಪ್ಪುತ್ತಿರಲಿಲ್ಲ. ತಾರಸಿ ಮೇಲೆ ಒಣಹಾಕಿದ್ದಾಗ ಹನಿ ಬಿದ್ದರೆ ನಾವು ಮಕ್ಕಳು ಊಟ ಬಿಟ್ಟು ಓಡಬೇಕು. ಸಾವಿರಕ್ಕೆ ಏಳೋ ಎಂಟೋ ರೂಪಾಯಿ. ಸೊಟ್ಟಗಿದ್ದದ್ದನ್ನು ಮೇಸ್ತ್ರಿ ವಾಪಸ್ ಎಸೆಯುತ್ತಿದ್ದ.

ಈಗ ಆ ವಠಾರದಲ್ಲಿ ಒಬ್ಬರೂ ಬತ್ತಿ ಹೊಸೆಯುವುದಿಲ್ಲ. ಈ ಕೆಲಸ ಹೋಗಿದ್ದೆಲ್ಲಿಗೆ? ಅಮ್ಮನಂಥವರ ಕೈಗೆ ನಾಲ್ಕು ಕಾಸು ಸೇರುವ ಕಡ್ಡಿ ಇನ್ನೂ ಸಿಗುತ್ತದಾ? ಬೋರ್ಡಿನ ಮೇಲೆ ಏನಂತ ಬರೆಯಲಿ? ಪಾರ್ಟಿ ಜಗಳ ಬೇಡ, ಗೊತ್ತಿರುವವರು ಹೇಳಿ.

ಬತ್ತಿ ಮಷೀನ್ ಮೈಸೂರು

ಅಣ್ಣ, ನಂದು ನಾಲ್ಕು ಮಷೀನಿನ ಸಣ್ಣ ಯೂನಿಟ್. ನೀವು ಕೇಳಿದ್ದು ನನ್ನ ಹೊಟ್ಟೆಪಾಡಿನ ಪ್ರಶ್ನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

2011ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕ 30ರಿಂದ ಶೇಕಡ 10ಕ್ಕೆ ಇಳಿಯಿತು. ಆಮೇಲಿನ ವರ್ಷಗಳಲ್ಲಿ ಕಡ್ಡಿ ಮಾತ್ರ ಅಲ್ಲ, ಪರಿಮಳ ಹಾಕದ ಕಪ್ಪು ಬತ್ತಿಯೇ ಚೀನಾ, ವಿಯೆಟ್ನಾಂನಿಂದ ಕಂಟೇನರುಗಟ್ಟಲೆ ಬಂತು. ನಾನೂ ಅದನ್ನೇ ತಂದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಪರಿಮಳದಲ್ಲಿ ಅದ್ದು, ಒಣಗಿಸು, ಪ್ಯಾಕೆಟ್ಟಿಗೆ ತುಂಬು. ಅಷ್ಟೇ ನಮ್ಮ ‘ಉತ್ಪಾದನೆ’.

2019ರ ಆಗಸ್ಟ್ 31ಕ್ಕೆ ಕೇಂದ್ರ ಸರ್ಕಾರ ಅಗರಬತ್ತಿ ಆಮದಿಗೆ ಕಡಿವಾಣ ಹಾಕಿತು. ಲೈಸೆನ್ಸ್ ಇಲ್ಲದೆ ತರುವ ಹಾಗಿಲ್ಲ. ಅದು ಒಳ್ಳೆಯದೇ ಆಯಿತು, ನನ್ನಂಥವರು ಸಾಲ ಮಾಡಿ ಮಷೀನ್ ಹಾಕಿದೆವು. ನನ್ನ ಮಷೀನೂ ವಿಯೆಟ್ನಾಂದೇ, ನಗಬೇಡಿ. ಅದರ ಮುಂದಿನ ವರ್ಷ ಜೂನಿನಲ್ಲಿ ಕಡ್ಡಿಯ ಸುಂಕ 10ರಿಂದ 25ಕ್ಕೆ ಏರಿತು. ಬಿದಿರು ಬೆಳೆಯುವವರಿಗೆ ಅನುಕೂಲ ಆಗಲಿ ಅಂತ. ಬತ್ತಿ ಇಲ್ಲೇ ಮಾಡು ಎಂದವರೇ ಬತ್ತಿಯ ಕಡ್ಡಿ ತುಟ್ಟಿ ಮಾಡಿದರು. ಎರಡಕ್ಕೂ ಕಾರಣ ಇದೆ, ಒಪ್ಪುತ್ತೇನೆ. ಆದರೆ ನಡುವೆ ಸಿಕ್ಕಿಕೊಂಡಿದ್ದು ನಾನು.

ಇಲ್ಲಿನ ಕಡ್ಡಿ ತಗೋ ಅನ್ನುತ್ತಾರೆ. ತಗೊಂಡೆ, ನೋಡಿದೆ. ಮಷೀನಿಗೆ 1.3 ಮಿಲಿಮೀಟರಿನ ದುಂಡು ಕಡ್ಡಿ ಬೇಕು, ಎಲ್ಲಾ ಒಂದೇ ಸಮ ಇರಬೇಕು. ಒಂದು ಸಿಬಿರೆದ್ದಿದ್ದರೂ ಬಾಯಿಗೆ ಸಿಕ್ಕಿಕೊಂಡು ಟಕ್ ಅಂತ ನಿಲ್ಲುತ್ತದೆ. ಹುಡುಗಿ ಇಕ್ಕಳ ಹಿಡಿದು ಕೂತು ಕೀಳಬೇಕು. ಆ ಮೂಟೆ ಇಟ್ಟುಕೊಂಡು ಎರಡು ದಿನದಲ್ಲಿ ನನಗೆ ಸಾಕಾಗಿ ಹೋಯಿತು.

ನಿಮ್ಮ ಬೋರ್ಡಿನ ಮೇಲೆ ‘ಮೈಸೂರಿನಲ್ಲಿ ಮಾಡಿದ್ದು’ ಅಂತ ಬರೆಯಿರಿ. ಆರು ಜನಕ್ಕೆ ಸಂಬಳ ಕೊಡುತ್ತೇನೆ, ಅದು ಸುಳ್ಳಲ್ಲ.

ಅಗರ್ತಲಾದಲ್ಲೊಬ್ಬ

ಬ್ಯಾಂಕ್ ಕೆಲಸಕ್ಕೆ ಅಂತ ತ್ರಿಪುರಾಕ್ಕೆ ಬಂದು ಆರು ವರ್ಷ ಆಯಿತು. ಊರು ತೀರ್ಥಹಳ್ಳಿ. ಆ ಸಿಬಿರಿನ ಕಥೆಯ ಈ ಕಡೆಯ ತುದಿ ನಾನು ನೋಡಿದ್ದೇನೆ.

ಅರಸೀಕೆರೆಯವರೇ, ನಿಮ್ಮ ತಾಯಿ ಹೊಸೆದ ಕಡ್ಡಿ ಬಹುಶಃ ಇಲ್ಲಿಂದಲೇ ಬಂದಿರಬೇಕು. ಒಂದು ಕಾಲಕ್ಕೆ ಬೆಂಗಳೂರು, ಮೈಸೂರಿಗೆ ಹೋಗುತ್ತಿದ್ದದ್ದು ತ್ರಿಪುರಾದ ಕಡ್ಡಿ. ಹೆಂಗಸರು ಅಂಗಳದಲ್ಲಿ ಕೂತು ಬಿದಿರಿನ ಗೆಣ್ಣು ಬಿಟ್ಟು ನಡುವಿನ ತುಂಡು ಮಾತ್ರ ತಗೊಂಡು, ಕತ್ತಿಯಲ್ಲಿ ಸೀಳಿ ಸೀಳಿ ಎಳೆ ತೆಗೆಯುತ್ತಾರೆ. ಅದು ದುಂಡಗಿರುವುದಿಲ್ಲ, ಚೌಕ. ಕೈಯಲ್ಲಿ ಹೊಸೆಯುವವರಿಗೆ ಚೌಕವಾದರೇನು, ದುಂಡಾದರೇನು. ಬೆರಳು ಸರಿಮಾಡಿಕೊಳ್ಳುತ್ತದೆ. ಮಷೀನಿಗೆ ಬೆರಳಿಲ್ಲವಲ್ಲ. ಅಲ್ಲಿ ಕೈಹೊಸೆತ ನಿಂತಾಗ ಇಲ್ಲಿ ಕಡ್ಡಿ ಸೀಳೋದೂ ನಿಂತಿತು.

ಇನ್ನೊಂದು ಮಾತು. ಎಲ್ಲಾ ಬಿದಿರೂ ಕಡ್ಡಿಗೆ ಆಗುವುದಿಲ್ಲ. ಇಲ್ಲಿ ಮಿರ್ತಿಂಗಾ ಅಂತ ಕರೆಯುವ ಜಾತಿ ಚೆನ್ನಾಗಿ ಸೀಳುತ್ತದೆ. ಅದರಲ್ಲೂ ಕಡ್ಡಿಗೆ ಹೋಗೋದು ಸ್ವಲ್ಪವೇ ಭಾಗ. ಉಳಿದದ್ದನ್ನು ಬೇರೆ ಯಾವುದಕ್ಕಾದರೂ ಮಾರಿದರೆ ಕಡ್ಡಿ ಅಗ್ಗಕ್ಕೆ ಕೊಡಬಹುದು. ಮಾರಲಿಲ್ಲ ಅಂದರೆ ಆ ಖರ್ಚೂ ಕಡ್ಡಿಯ ಮೇಲೇ ಬೀಳುತ್ತದೆ. 2017ರ ತನಕ ನಮ್ಮ ಅರಣ್ಯ ಕಾಯ್ದೆಯಲ್ಲಿ ಬಿದಿರು ಅಂದರೆ ಮರ! ಸ್ವಂತ ಹೊಲದ ಬಿದಿರು ಕಡಿದು ಸಾಗಿಸೋಕೂ ಪರ್ಮಿಟ್ ತಾಪತ್ರಯ. ಆ ವರ್ಷ ತಿದ್ದುಪಡಿ ಬಂದು ಕಾಡಿನ ಹೊರಗೆ ಬೆಳೆದ ಬಿದಿರಿಗೆ ವಿನಾಯಿತಿ ಸಿಕ್ಕಿತು. ಆಮೇಲೆ ದುಂಡು ಕಡ್ಡಿಯ ಮಷೀನ್ ಹಾಕಿದವರು ಇಲ್ಲೂ ಇದ್ದಾರೆ. ಆದರೆ ಬೆಂಗಳೂರಿಗೆ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಹಡಗಿನಲ್ಲಿ ಬರುವ ಕಂಟೇನರಿನ ಜೊತೆ ಪೈಪೋಟಿ.

ಸುಮ್ನೆ ಓದೋನು

ದೇವರಿಗೆ ಹಚ್ಚುವ ಕಡ್ಡಿಗೂ ಪಾಸ್‌ಪೋರ್ಟ್ ಕೇಳುವ ಕಾಲ ಬಂತು. 10 ರೂಪಾಯಿ ಪ್ಯಾಕೆಟ್ 15 ಆದ ದಿನ ಈ ಸ್ವದೇಶಿ ಗಿರಾಕಿಗಳು ಎಷ್ಟು ಜನ ಉಳಿಯುತ್ತಾರೆ, ಬರೆದಿಡಿ.

ಕಡ್ಡಿ ಮನೆ

ಅರಸೀಕೆರೆ ಅಣ್ಣ, ನಾನು ಮೈಸೂರಿನ ಹತ್ತಿರದ ಹಳ್ಳಿಯವಳು. ಹದಿನೆಂಟು ವರ್ಷದಿಂದ ಬತ್ತಿ ಉಜ್ಜುತ್ತಿದ್ದೇನೆ, ಈಗಲೂ. ಮೊಬೈಲಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಹೊರಗಿನ ಬತ್ತಿ ಬಂದಾಗ ನಮ್ಮ ಬೀದಿಯಲ್ಲಿ ಕೆಲಸ ನಿಂತಿತು. ಹೊರಗಿನದು ನಿಂತಾಗ ಕೆಲಸ ವಾಪಸ್ ಬರುತ್ತದೆ ಅಂತ ಕಾದೆವು. ಬಂದದ್ದು ಮಷೀನು. ಮೇಲಿನ ಮೈಸೂರಿನ ಅಣ್ಣನನ್ನು ನಾನು ಬೈಯುತ್ತಿಲ್ಲ, ಅವರಿಗೂ ಸಾಲ ಇರುತ್ತದೆ. ಆದರೆ ಆ ಮಷೀನು ಒಂದು ದಿನಕ್ಕೆ ಮಾಡುವಷ್ಟು ಮಾಡಲು ನಮ್ಮ ಬೀದಿಯ ಹೆಂಗಸರೆಲ್ಲ ಕೂರಬೇಕು. ಮಷೀನ್ ಮುಂದೆ ಕೂರೋದು ಒಬ್ಬಳು, ಅವಳೂ ಹುಡುಗಿಯೇ ಆಗಬೇಕು. ಐವತ್ತು ದಾಟಿದವರನ್ನು, ಮಗು ಇರುವವರನ್ನು ಯಾರು ಕರೆಯುತ್ತಾರೆ? ಮನೆಯಲ್ಲೇ ಮಣೆ ಇತ್ತು ಅಂತ ತಾನೇ ನಾವು ಈ ಕೆಲಸ ಮಾಡಿದ್ದು.

ನನಗೆ ಕೆಲಸ ಉಳಿದಿರೋದು ಮಸಾಲೆ ಬತ್ತಿಯಿಂದ. ಅದರಲ್ಲಿ ಪರಿಮಳ ಮುದ್ದೆಯಲ್ಲೇ ಇರುತ್ತದೆ, ಆಮೇಲೆ ಅದ್ದುವುದಿಲ್ಲ. ಕೈಗೆ ಅಂಟುವ ಮುದ್ದೆ. ಉಜ್ಜಿ ಮೇಲೆ ಪುಡಿ ಉರುಳಿಸುತ್ತೇವೆ. ಗುರುತು ಹೇಳುತ್ತೇನೆ: ಒಂದು ಹಿಡಿ ಕಡ್ಡಿ ನೆಟ್ಟಗೆ ನಿಲ್ಲಿಸಿ ನೋಡಿ. ಕೈಯದಾದರೆ ಮಸಾಲೆ ಶುರುವಾಗುವ ಜಾಗ ಒಂದು ಮೇಲೆ, ಒಂದು ಕೆಳಗೆ ಇರುತ್ತದೆ. ಮಷೀನಿನದು ಗೆರೆ ಎಳೆದ ಹಾಗೆ. ನಮ್ಮ ಕಡ್ಡಿಯೂ ಹೊರಗಿನದೇ ಅಣ್ಣ, ಅದು ನಿಜ. ಉಜ್ಜಿದ ಕೈ ಮಾತ್ರ ಇಲ್ಲಿಯದು.

ಬತ್ತಿ ಮಷೀನ್ ಮೈಸೂರು

ಅಕ್ಕ ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಯೂನಿಟ್ಟಿನಲ್ಲಿ ಪ್ಯಾಕಿಂಗಿಗೆ ವಯಸ್ಸಾದವರೂ ಇದ್ದಾರೆ ಅಂತ ಮಾತ್ರ ಹೇಳಬಲ್ಲೆ.

ಅರಸೀಕೆರೆ ಅಂಗಡಿ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ತಿಳಿಸುತ್ತೇನೆ.

ಆ ದೊಡ್ಡ ಬೋರ್ಡ್ ಹಾಕಲಿಲ್ಲ. ತಂದವರಿಗೆ ಬೇಜಾರಾಗಿದೆ, ಈಗ ಎದುರಂಗಡಿಯಲ್ಲಿ ಕರ್ಪೂರ ತಗೊಳ್ಳುತ್ತಾರೆ. ಅದರ ಬದಲು ಕಡ್ಡಿಯ ಅರೆಗೆ ಎರಡು ರಟ್ಟಿನ ಚೀಟಿ ಅಂಟಿಸಿದೆ. ಒಂದರಲ್ಲಿ ‘ಮೈಸೂರು, ಬೆಂಗಳೂರಿನ ಮಷೀನ್ ಬತ್ತಿ’. ಇನ್ನೊಂದರಲ್ಲಿ ‘ಕೈಯಲ್ಲಿ ಹೊಸೆದದ್ದು, ಕಡ್ಡಿ ಹೊರದೇಶದ್ದು, 5 ರೂಪಾಯಿ ಜಾಸ್ತಿ’. ಎರಡನೆಯದನ್ನು ಓದಿ ಜನ ನಗುತ್ತಾರೆ. ನಿನ್ನ ಮಾಲನ್ನು ನೀನೇ ಹೀಗೆ ಬರೆದುಕೊಂಡರೆ ಹೇಗಪ್ಪ ಅನ್ನುತ್ತಾರೆ. ಆದರೂ ಹದಿನಾಲ್ಕು ಪ್ಯಾಕೆಟ್ ಹೋಯಿತು. ಐದು ಮೇಷ್ಟ್ರೇ ತಗೊಂಡರು. ಸುಮ್ನೆ ಓದೋನು ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಮಷೀನಿನದು ಅದೇ ಹತ್ತು ದಿನಕ್ಕೆ ಎರಡು ಪೆಟ್ಟಿಗೆ ಖಾಲಿ.

ಒಂದು ಕೈಬತ್ತಿ ಪ್ಯಾಕೆಟ್ ಮನೆಗೆ ಒಯ್ದು ಅಮ್ಮನಿಗೆ ಕೊಟ್ಟೆ. ಮೂಸಿ ನೋಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಹಿಡಿಯಷ್ಟು ತೆಗೆದು ನೆಲಕ್ಕೆ ಕುಟ್ಟಿ ನಿಲ್ಲಿಸಿದರು, ಕಣ್ಣು ಸಣ್ಣ ಮಾಡಿ ಬುಡ ನೋಡಿದರು, ಮೂರು ಕಡ್ಡಿ ಎಳೆದು ಪಕ್ಕಕ್ಕೆ ಇಟ್ಟರು. ‘ಇವು ಮೂರು ವಾಪಸ್’ ಎಂದರು.